ಅರಸ, ರಾಜಪ್ರಮುಖ, ರಾಜ್ಯಪಾಲ: ಜಯಚಾಮರಾಜ ಒಡೆಯರ ಮೂರು ಹುದ್ದೆಗಳು

ಮೈಸೂರನ್ನು ಆಳಿದ ಕೊನೆಯ ಅರಸರಾದ ಜಯಚಾಮರಾಜ ಒಡೆಯರೇ 1956ರಲ್ಲಿ ಏಕೀಕೃತ ಮೈಸೂರು ರಾಜ್ಯದ ಮೊದಲ ರಾಜ್ಯಪಾಲರೂ ಆದರು. ಒಂದು ಹುದ್ದೆಯಿಂದ ಇನ್ನೊಂದಕ್ಕೆ ಸಾಗಿದಂತೆ ಅವರ ಅಧಿಕಾರ ಕುಗ್ಗಿತು, ಅವರ ಹೆಸರಿನಲ್ಲಿ ಆಡಳಿತ ನಡೆಯುವ ನಾಡು ಮಾತ್ರ ಹಿಗ್ಗಿತು.

1919ರ ಜುಲೈ 18ರಂದು ಮೈಸೂರಿನಲ್ಲಿ ಹುಟ್ಟಿದ ಅವರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಒಬ್ಬನೇ ಮಗ. 1938ರಲ್ಲಿ ಮಹಾರಾಜಾ ಕಾಲೇಜಿನಿಂದ ಪದವಿ ಪಡೆದರು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲವಾಗಿ ಪಟ್ಟ ಯುವರಾಜರಿಗೆ ಬರಬೇಕಿತ್ತು. ಆದರೆ 1940ರ ಮಾರ್ಚಿನಲ್ಲಿ ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು. ಆಗಸ್ಟ್ 3ರಂದು ನಾಲ್ವಡಿಯವರೂ ಕಾಲವಾದರು. ತಂದೆ, ದೊಡ್ಡಪ್ಪ ಇಬ್ಬರನ್ನೂ ಐದೇ ತಿಂಗಳಲ್ಲಿ ಕಳೆದುಕೊಂಡ 21ರ ತರುಣ ಸೆಪ್ಟೆಂಬರ್ 8ರಂದು ಸಿಂಹಾಸನವೇರಿದರು.

1947ರ ಆಗಸ್ಟ್‌ನಲ್ಲಿ ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಬಿದ್ದರೂ ಜವಾಬ್ದಾರಿ ಸರ್ಕಾರದ ಪ್ರಶ್ನೆ ಹಾಗೇ ಉಳಿದಿತ್ತು. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ಹೊತ್ತಿಕೊಂಡು, ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಜನ ಬೀದಿಗಿಳಿದ ಮೇಲೆಯೇ ಅರಮನೆ ಮಣಿದದ್ದು ಎಂಬುದನ್ನು ಮರೆಯಬಾರದು. 1949ರ ನವೆಂಬರ್ 25ರಂದು ಭಾರತದ ಸಂವಿಧಾನವೇ ಮೈಸೂರಿಗೂ ಅನ್ವಯಿಸುತ್ತದೆಂದು ಸಾರಿದ ಘೋಷಣೆ ಮಹಾರಾಜರ ಹೆಸರಿನಲ್ಲೇ ಹೊರಬಿತ್ತು.

1950ರ ಜನವರಿ 26ರಂದು ಮೈಸೂರು ‘ಬಿ’ ವರ್ಗದ ರಾಜ್ಯವಾಯಿತು, ಮಹಾರಾಜರು ರಾಜಪ್ರಮುಖರಾದರು. ಇದೊಂದು ವಿಚಿತ್ರ ಹುದ್ದೆ. ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕೆಂಬುದರಲ್ಲಿ ರಾಜಪ್ರಮುಖರೂ ರಾಜ್ಯಪಾಲರಂತೆಯೇ. ಆದರೆ ರಾಜ್ಯಪಾಲರನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಮೈಸೂರಿನಲ್ಲಿ ರಾಷ್ಟ್ರಪತಿಯ ಮನ್ನಣೆ ಪಡೆದ ಮಹಾರಾಜರೇ ರಾಜಪ್ರಮುಖರು. ಅಂದರೆ ಹುದ್ದೆಯ ಬೇರು ಇನ್ನೂ ವಂಶದಲ್ಲಿತ್ತು. ಆ ಎಳೆಯನ್ನು ಕತ್ತರಿಸಿದ್ದು 1956ರ ಏಳನೆಯ ತಿದ್ದುಪಡಿ. ಅದು ರಾಜಪ್ರಮುಖರ ಹುದ್ದೆಯನ್ನೇ ತೆಗೆದುಹಾಕಿತು.

ಆ ವರ್ಷದ ನವೆಂಬರ್ 1ರಂದು ಹಳೆಯ ಮೈಸೂರಿನ ಜೊತೆಗೆ ಮುಂಬಯಿ, ಹೈದರಾಬಾದ್, ಮದ್ರಾಸ್ ರಾಜ್ಯಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳೂ ಕೊಡಗೂ ಕೂಡಿ 19 ಜಿಲ್ಲೆಗಳ ರಾಜ್ಯ ರೂಪುಗೊಂಡಿತು. ಒಡೆಯರು ಅದರ ರಾಜ್ಯಪಾಲರಾಗಿ ನೇಮಕಗೊಂಡರು. ಬೇರೆ ಯಾವ ರಾಜಪ್ರಮುಖರಿಗೂ ಆಗ ಈ ಹುದ್ದೆ ಸಿಗಲಿಲ್ಲ. ಧಾರವಾಡ, ಬೀದರ್, ಮಂಗಳೂರಿನ ಜನರಿಗೆ ಅವರು ಎಂದೂ ತಮ್ಮ ಅರಸರಾಗಿರಲಿಲ್ಲ. ಅವರ ಪಾಲಿಗೆ ಒಡೆಯರು ಸಂವಿಧಾನ ಕೊಟ್ಟ ರಾಜ್ಯಪಾಲರು. ಒಡೆಯರ ಬದುಕಿನ ನಿಜವಾದ ತಿರುವು ಇಲ್ಲಿದೆ. 1964ರವರೆಗಿನ ಆ ಅವಧಿಯಲ್ಲಿ ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ ಮುಖ್ಯಮಂತ್ರಿಗಳಾಗಿದ್ದರು.

1964ರ ಮೇ ತಿಂಗಳಲ್ಲಿ ಅವರು ಮದ್ರಾಸ್ ರಾಜ್ಯಪಾಲರಾದರು. ಅರಮನೆಯ ನಂಟೇ ಇಲ್ಲದ ನೆಲದಲ್ಲಿ ಸಂಪೂರ್ಣ ನೇಮಕದ ಬಲದಿಂದ ಹಿಡಿದ ಹುದ್ದೆ ಇದೊಂದೇ. ಎಂ. ಭಕ್ತವತ್ಸಲಂ ಆಗ ಮುಖ್ಯಮಂತ್ರಿ. 1965ರ ಆರಂಭದಲ್ಲಿ ಹಿಂದಿ ವಿರೋಧಿ ಚಳವಳಿ ರಾಜ್ಯವನ್ನೆಲ್ಲ ಅಲುಗಾಡಿಸಿತು.

ಮದ್ರಾಸಿನ ಸಂಗೀತ ಲೋಕಕ್ಕೆ ಅವರು ಹೊಸಬರಲ್ಲ. ವೀಣೆ ವೆಂಕಟಗಿರಿಯಪ್ಪನವರ ಶಿಷ್ಯರಾದ ಒಡೆಯರು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಪಾಶ್ಚಾತ್ಯ ಸಂಗೀತದಲ್ಲೂ ಅಷ್ಟೇ ಒಲವು: 1950ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಸಾರ್ವಜನಿಕವಾಗಿ ಕೇಳಿಬಂದದ್ದು ಅವರ ಹಣದ ನೆರವಿನಿಂದ. ಅವರ ಕೃತಿಗಳು ಕಛೇರಿಗಳಲ್ಲಿ ಇನ್ನೂ ಹೆಚ್ಚಾಗಿ ಕೇಳಿಬರಬೇಕಿತ್ತು.

1966ರ ಜೂನ್‌ನಲ್ಲಿ ಮದ್ರಾಸಿನ ಅವಧಿ ಮುಗಿಯಿತು. ಅದೇ ವರ್ಷ ಸಂಗೀತ ನಾಟಕ ಅಕಾಡೆಮಿ ಅವರಿಗೆ ಫೆಲೋಶಿಪ್ ನೀಡಿತು. 1971ರ 26ನೆಯ ತಿದ್ದುಪಡಿ ರಾಜಧನವನ್ನೂ ಅರಸರೆಂಬ ಮನ್ನಣೆಯನ್ನೂ ರದ್ದು ಮಾಡಿತು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. ಮರುವರ್ಷ ಸೆಪ್ಟೆಂಬರ್ 23ರಂದು ಒಡೆಯರು ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರಿಗೆ 55 ವರ್ಷ.