6174 ಮತ್ತು ಎಡಗಡೆಯ ಸೊನ್ನೆ

ನಾಸಿಕದ ಬಳಿ ದೇವಳಾಲಿಯಲ್ಲಿ ಉಪಾಧ್ಯಾಯರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು 1949ರಲ್ಲಿ ಕಂಡುಹಿಡಿದ ಚಮತ್ಕಾರವನ್ನು ವಾಚಕರು ಕೇಳಿರಬಹುದು. ನಾಲ್ಕಂಕಿಯ ಸಂಖ್ಯೆಯೊಂದನ್ನು ಆರಿಸಿಕೊಳ್ಳಿರಿ. ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಜೋಡಿಸಿ, ದೊಡ್ಡದರಲ್ಲಿ ಸಣ್ಣದನ್ನು ಕಳೆಯಿರಿ. ಉತ್ತರಕ್ಕೂ ಹಾಗೆಯೇ ಮಾಡುತ್ತ ಹೋದರೆ ಏಳು ಸುತ್ತಿನೊಳಗೆ 6174 ಬಂದೇ ಬರುತ್ತದೆ.

ಇದರ ಪ್ರೋಗ್ರಾಮನ್ನು ‘ಸೀ’ ಭಾಷೆಯಿಂದ ‘ಪೈಥಾನ್’ಗೆ ತರುವಾಗ ಒಂದು ಮೋಸವುಂಟು. ಸೀಯಲ್ಲಿ ಹತ್ತರಿಂದ ನಾಲ್ಕು ಸಲ ಭಾಗಿಸಿ ಶೇಷ ತೆಗೆದಿದ್ದರೆ ನಾಲ್ಕಂಕಿ ಖಂಡಿತ. ಪೈಥಾನಿನಲ್ಲಿ ಸಂಖ್ಯೆಯನ್ನೇ ಅಕ್ಷರಸಾಲಾಗಿ ಬರೆದುಕೊಳ್ಳುವುದು ಸುಲಭ. ಆದರೆ 2111ರಲ್ಲಿ 1112 ಕಳೆದರೆ ಉಳಿಯುವುದು 999, ಮೂರೇ ಅಂಕಿ! 999ರಲ್ಲಿ 999 ಹೋಗಿ ಸೊನ್ನೆ, ಕಾಪ್ರೇಕರರೇ ಸುಳ್ಳಾದಂತೆ. ಗಿರಣಿಯ ಲೆಕ್ಕದಲ್ಲಿ ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ, ಇಲ್ಲಿ ಅದೇ ಪ್ರಾಣ. 0999 ಎಂದು ತುಂಬಿಸಿಕೊಂಡರೆ 9990ರಲ್ಲಿ ಅದನ್ನು ಕಳೆದು 8991. ಮುಂದೆ 8082, 8532, 6174. ಅನುವಾದಿಸಿದವರು ಮೊದಲು 2111ನ್ನೇ ಕೊಟ್ಟು ನೋಡಲಿ.