ಗೆದ್ದವರಿಗೂ ಗುರು ಬೇಕು

ವಿಜಯದಶಮಿಯ ಬೆಳಗ್ಗೆ ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದ ಸುದ್ದಿ ತಾಳವಾಡಿ ಬೆಟ್ಟದ ಮನೆಗಳಿಗೆ ಹೊಸದಲ್ಲ. ಮೈಸೂರು, ಚನ್ನಪಟ್ಟಣ, ಬೆಂಗಳೂರುಗಳ ಜೆಟ್ಟಿಗಳೊಡನೆ ಬೆಟ್ಟದ ಮಗ್ಗುಲಿನ ಚಾಮರಾಜನಗರದ ಜೆಟ್ಟಿಗಳೂ ಅಲ್ಲಿ ಕಣಕ್ಕಿಳಿಯುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ನೆತ್ತರು ಕಂಡೊಡನೆ ಕಾಳಗ ನಿಲ್ಲುತ್ತದೆ. ನೆರೆದವರ ಕಣ್ಣೆಲ್ಲ ಜೆಟ್ಟಿಯ ಮೇಲೆ. ಅವನನ್ನು ಪಳಗಿಸಿದ ಉಸ್ತಾದರನ್ನು ಗಮನಿಸುವವರು ವಿರಳ. ಜಗತ್ತಿನ ಅತಿ ದೊಡ್ಡ ಮುಷ್ಟಿಯುದ್ಧವೆನಿಸಿದ ಹೆವಿವೇಟ್ ಬಾಕ್ಸಿಂಗ್‌ನಲ್ಲಿಯೂ ಇದೇ ಸ್ಥಿತಿ. ಹೆಸರು, ಹಣ, ಪಟ್ಟ ಎಲ್ಲವೂ ಕಾದುವವನಿಗೆ; ಅವನ ತಪ್ಪನ್ನು ಕಂಡು ತಿದ್ದಿದವರು ಕಣದ ಮೂಲೆಯಲ್ಲಿ ನಿಂತಿರುತ್ತಾರೆ.

ವೃತ್ತಿಪರ ಬಾಕ್ಸಿಂಗ್‌ನಲ್ಲಿ 200 ಪೌಂಡ್, ಅಂದರೆ ಸುಮಾರು 91 ಕಿಲೋ ಮೀರಿದವರು ಸಾಮಾನ್ಯವಾಗಿ ಹೆವಿವೇಟ್ ವರ್ಗಕ್ಕೆ ಸೇರುತ್ತಾರೆ. ಅದಕ್ಕೆ ಮೇಲಿನ ಮಿತಿಯಿಲ್ಲ. ಪಟ್ಟದ ಪಂದ್ಯದಲ್ಲಿ 3 ನಿಮಿಷಗಳ 12 ಸುತ್ತುಗಳು, ಪ್ರತಿ ಸುತ್ತಿನ ನಡುವೆ 1 ನಿಮಿಷದ ಬಿಡುವು. ತರಬೇತುದಾರರು ಪಂದ್ಯದ ನಡುವೆ ತಮ್ಮ ಶಿಷ್ಯನಿಗೆ ಬುದ್ಧಿ ಹೇಳಲು ದೊರೆಯುವುದು ಆ ಒಂದು ನಿಮಿಷ ಮಾತ್ರ. ತಿಂಗಳುಗಟ್ಟಲೆ ಮಾಡಿದ ಅಭ್ಯಾಸವೇ ಉಳಿದ ಹೊತ್ತಿನಲ್ಲಿ ಅವನನ್ನು ಕಾಯಬೇಕು.

ಈ ವಿದ್ಯೆಯಲ್ಲಿ ಹೆಸರಾದವರು ಅಮೆರಿಕದ ಡೆಟ್ರಾಯಿಟ್ ನಗರದ ಕ್ರಾಂಕ್ ಗರಡಿಯ ಇಮ್ಯಾನುಯೆಲ್ ಸ್ಟುವರ್ಡ್. 1994ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಚಾಂಪಿಯನ್ ಲೆನಾಕ್ಸ್ ಲೂಯಿಸ್ ಎರಡನೆಯ ಸುತ್ತಿನಲ್ಲಿಯೇ ಆಲಿವರ್ ಮೆಕಾಲ್ ಅವರಿಗೆ ಸೋತರು. ಆ ದಿನ ಮೆಕಾಲ್ ಅವರ ಮೂಲೆಯಲ್ಲಿ ನಿಂತಿದ್ದವರು ಸ್ಟುವರ್ಡ್. ಸೋತ ಲೂಯಿಸ್ ಸುಮ್ಮನೆ ಕೂರಲಿಲ್ಲ. ತಮ್ಮನ್ನು ಸೋಲಿಸಲು ದಾರಿ ತೋರಿದ ಗುರುವನ್ನೇ ತಮ್ಮ ಗುರುವಾಗಿ ಮಾಡಿಕೊಂಡರು. ಸ್ಟುವರ್ಡ್ ಅವರಿಗೆ ಹೊಸ ಆಯುಧವನ್ನೇನೂ ಕೊಡಲಿಲ್ಲ. ಎತ್ತರದ ಆಳಿನ ಉದ್ದನೆಯ ಎಡಗೈಯನ್ನು ನೇರವಾಗಿ ಚಾಚಿ ಎದುರಾಳಿಯನ್ನು ದೂರವಿಡುವ ‘ಜ್ಯಾಬ್’ ಹೊಡೆತವನ್ನೂ ಕಾಲಿನ ನಿಲುವನ್ನೂ ಸರಿಪಡಿಸಿದರು. 1997ರಲ್ಲಿ ಅದೇ ಮೆಕಾಲ್ ಎದುರು ಲೂಯಿಸ್ ಪಟ್ಟ ಮರಳಿ ಪಡೆದರು. 1999ರಲ್ಲಿ ನಿರ್ವಿವಾದ ಚಾಂಪಿಯನ್ ಆದರು.

ಆದರೂ ಗುರುವಿದ್ದ ಮಾತ್ರಕ್ಕೆ ಎಲ್ಲವೂ ಆಗದು. 2001ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕದ ಎತ್ತರದ ಪ್ರದೇಶಕ್ಕೆ ತಡವಾಗಿ ಹೋಗಿ, ಸಿದ್ಧತೆ ಸಾಲದೆ ಹಸೀಮ್ ರಹಮಾನ್ ಅವರಿಗೆ ಲೂಯಿಸ್ ಸೋತರು. ಏಳು ತಿಂಗಳಲ್ಲಿ ಸಿದ್ಧರಾಗಿ ಬಂದು ನಾಲ್ಕನೆಯ ಸುತ್ತಿನಲ್ಲಿ ಗೆದ್ದರು. ಗುರು ಹೇಳಬಲ್ಲ, ದುಡಿಯಬೇಕಾದವನು ಶಿಷ್ಯನೇ.

ಸ್ಟುವರ್ಡ್ ಅವರ ಇನ್ನೊಬ್ಬ ಶಿಷ್ಯ ಉಕ್ರೇನಿನ ವ್ಲಾಡಿಮಿರ್ ಕ್ಲಿಚ್ಕೊ. 2004ರ ಏಪ್ರಿಲ್‌ನಲ್ಲಿ ಕ್ಲಿಚ್ಕೊ ದಣಿದು ಲಮಾನ್ ಬ್ರೂಸ್ಟರ್ ಅವರಿಗೆ ಸೋತಾಗ ಇವರ ಕಾಲ ಮುಗಿಯಿತೆಂದು ಹಲವರು ಬಗೆದರು. ಸ್ಟುವರ್ಡ್ ಕೈಬಿಡಲಿಲ್ಲ. ಅವಸರ ಬಿಟ್ಟು, ಅಂತರ ಕಾಯ್ದು, ಉಸಿರನ್ನು ಉಳಿಸಿಕೊಂಡು ಕಾದುವುದನ್ನು ರೂಢಿಸಿದರು. 2012ರಲ್ಲಿ ಗುರು ತೀರಿಕೊಂಡ ಮೇಲೂ ಆ ಪಾಠ ಉಳಿಯಿತು. 2015ರ ನವೆಂಬರ್‌ವರೆಗೆ ಕ್ಲಿಚ್ಕೊ ಮತ್ತೆ ಸೋಲಲಿಲ್ಲ.

ಅಂಥ ಗುರು ಇಂದಿನ ಹೆವಿವೇಟ್‌ಗಳಿಗೆ ಏನು ಹೇಳಿಯಾರು? ಬ್ರಿಟನ್ನಿನ ಆಂಟನಿ ಜೋಶುವಾ ಅವರನ್ನು ನೋಡಬಹುದು. 2019ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಆಂಡಿ ರುಯಿಸ್ ಅವರನ್ನು ಕೆಡವಿದ ಜೋಶುವಾ, ಅಲ್ಲಿಯೇ ಮುಗಿಸಿಬಿಡುವ ಆತುರದಲ್ಲಿ ಮುನ್ನುಗ್ಗಿ ಪೆಟ್ಟು ತಿಂದರು; ಕೊನೆಗೆ ಪಂದ್ಯವನ್ನೇ ಕಳೆದುಕೊಂಡರು. ಡಿಸೆಂಬರ್‌ನ ಮರುಪಂದ್ಯದಲ್ಲಿ ದೂರ ನಿಂತು, ಎಡಗೈಯನ್ನೇ ನಂಬಿ, 12 ಸುತ್ತು ತಾಳ್ಮೆಯಿಂದ ಕಾದಿ ಗೆದ್ದರು. ಮದ್ದು ಕೈಯಲ್ಲೇ ಇತ್ತು. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಡೇನಿಯಲ್ ಡುಬೋಯಿಸ್ ಅವರನ್ನು ತತ್ತರಿಸುವಂತೆ ಹೊಡೆದು, ಮತ್ತೆ ಆತುರದಿಂದ ಒಳನುಗ್ಗಿ, ಐದನೆಯ ಸುತ್ತಿನಲ್ಲಿ ನೆಲಕಚ್ಚಿದರು. ಐದು ವರ್ಷಗಳ ಅಂತರದಲ್ಲಿ ಕಂಡದ್ದು ಒಂದೇ ತಪ್ಪು. ಎದುರಾಳಿ ತೂರಾಡಿದಾಗ ಒಂದು ಹೆಜ್ಜೆ ಹಿಂದೆ ಸರಿದು ನೋಡುವ ಅಭ್ಯಾಸವನ್ನು ಅದು ಮೈಗೂಡುವವರೆಗೂ ಸಾವಿರ ಸಲ ಮಾಡಿಸುವುದೇ ಇಲ್ಲಿ ಗುರುವಿನ ಕೆಲಸ.

ಟೈಸನ್ ಫ್ಯೂರಿ ಅವರ ಎತ್ತರ 6 ಅಡಿ 9 ಅಂಗುಲ. ಸ್ಟುವರ್ಡ್ ಅವರ ಸೋದರ ಸಂಬಂಧದ ಮಗ ಶುಗರ್‌ಹಿಲ್ ಅವರ ತರಬೇತಿಯಲ್ಲಿ ಮುನ್ನುಗ್ಗಿ ಹೊಡೆಯುವುದನ್ನು ರೂಢಿಸಿಕೊಂಡು, 2020ರ ಫೆಬ್ರುವರಿಯಲ್ಲಿ ಡಿಯಾಂಟೆ ವೈಲ್ಡರ್ ಅವರನ್ನು ಏಳನೆಯ ಸುತ್ತಿನಲ್ಲಿ ಸೋಲಿಸಿದರು. 2024ರಲ್ಲಿ ತಮಗಿಂತ ಅರ್ಧ ಅಡಿ ಗಿಡ್ಡರಾದ ಎಡಗೈ ಆಟಗಾರ ಒಲೆಕ್ಸಾಂಡರ್ ಉಸಿಕ್ ಅವರಿಗೆ ಎರಡು ಸಲ ಸೋತರು. ಎಡಚನ ಎದುರು ತನ್ನ ಎಡಗಾಲನ್ನು ಅವನ ಮುಂಗಾಲಿನ ಹೊರಬದಿಗೆ ಇಟ್ಟು, ಬಲಗೈಯನ್ನು ನೇರ ಹೊಡೆಯುವುದು ಹಳೆಯ ಪಾಠ. ದೊಡ್ಡ ಗುರುಗಳು ಹಳೆಯ ಪಾಠವನ್ನು ಮತ್ತೆ ಓದಿಸಲು ನಾಚುವುದಿಲ್ಲ. 1987ರಲ್ಲಿ ಹುಟ್ಟಿದ ಉಸಿಕ್ ಅವರಿಗಾದರೋ ಹೊಸ ಪಟ್ಟಿಗಿಂತ ವಿಶ್ರಾಂತಿಯ ಲೆಕ್ಕವೇ ಮುಖ್ಯವಾದೀತು. ಯಾವಾಗ ಸಾಕೆನ್ನಬೇಕೆಂಬುದೂ ತರಬೇತಿಯ ಭಾಗವೇ.

ಸಾಕೆನ್ನುವ ಆ ವಿವೇಕಕ್ಕೆ ಎಡ್ಡಿ ಫಚ್ ಅವರೇ ಸಾಕ್ಷಿ. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಮುಹಮ್ಮದ್ ಅಲಿ ಎದುರು 14 ಸುತ್ತು ಕಾದಿದ ಜೋ ಫ್ರೇಜಿಯರ್ ಅವರ ಕಣ್ಣು ಊದಿ ಮುಚ್ಚಿಹೋಗಿತ್ತು. ಉಳಿದಿದ್ದು ಒಂದೇ ಸುತ್ತು. ಶಿಷ್ಯ ಬೇಡವೆಂದರೂ ಗುರು ಪಂದ್ಯ ನಿಲ್ಲಿಸಿದರು. ಪಟ್ಟ ಕೈತಪ್ಪಿತು, ಶಿಷ್ಯ ಮನೆಗೆ ಮರಳಿದರು. ಗೆಲುವಿಗಿಂತ ಶಿಷ್ಯನ ಜೀವ ದೊಡ್ಡದೆಂದು ತಿಳಿದವರೇ ನಿಜವಾದ ಗುರು.

ಈ ಮಾತು ಬಾಕ್ಸಿಂಗಿಗಷ್ಟೇ ಸಲ್ಲುವುದಲ್ಲ. 2012ರಲ್ಲಿ ಒಲಿಂಪಿಕ್ ಪದಕ ಗೆದ್ದಿದ್ದ ಸೈನಾ ನೆಹ್ವಾಲ್, 2014ರಲ್ಲಿ ಬೆಂಗಳೂರಿಗೆ ಬಂದು ವಿಮಲ್ ಕುಮಾರ್ ಅವರ ಬಳಿ ಮತ್ತೆ ವಿದ್ಯಾರ್ಥಿನಿಯಾದರು. ಅದೇ ನವೆಂಬರ್‌ನಲ್ಲಿ ಚೀನಾ ಓಪನ್ ಗೆದ್ದರು. 2015ರ ಏಪ್ರಿಲ್‌ನಲ್ಲಿ ಬ್ಯಾಡ್ಮಿಂಟನ್‌ನಲ್ಲಿ ವಿಶ್ವದ ಒಂದನೆಯ ಸ್ಥಾನಕ್ಕೇರಿದ ಮೊದಲ ಭಾರತೀಯ ಮಹಿಳೆಯಾದರು.

ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲಕ್ಕೋ ಈರೋಡಿಗೋ ಪಂದ್ಯಕ್ಕೆ ಹೋಗುವ ಕನ್ನಡ ಶಾಲೆಯ ಮಗುವಿಗೆ ಸ್ಟುವರ್ಡ್ ಅವರಂಥವರು ಸಿಗಲಿಕ್ಕಿಲ್ಲ. ಆದರೆ ಒಂದು ತಪ್ಪನ್ನು ಗುರುತಿಸಿ, ಅದೊಂದನ್ನೇ ತಿದ್ದಿ, ಸೋತ ದಿನವೂ ಜೊತೆಯಲ್ಲಿ ನಿಂತು, ಪೆಟ್ಟಾದಾಗ ಆಟ ನಿಲ್ಲಿಸುವ ದೈಹಿಕ ಶಿಕ್ಷಕರೊಬ್ಬರು ಶಾಲೆಯಲ್ಲಿದ್ದರೆ ಅದೇ ದೊಡ್ಡ ಭಾಗ್ಯ. ಅಂಥವರನ್ನು ಗುರುತಿಸಿ ಬೆಂಬಲಿಸುವುದು ಹೆತ್ತವರ ಹೊಣೆ. ಕಪ್ಪು ಹಿಡಿದು ಬಂದ ಮಗುವನ್ನೂ, ಬರಿಗೈಯಲ್ಲಿ ಬಂದ ಮಗುವನ್ನೂ ಮನೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮೇಷ್ಟ್ರು ಈ ದಿನ ಏನನ್ನು ತಿದ್ದಿದರು?