ಕಾಡಿಗೆ ಹರಡಬಾರದು, ಕೆನ್ನೆ ಕೆಂಪು ಎದ್ದು ಕಾಣಬಾರದು: ‘ನೀಟ್’ ಮೇಕಪ್ ಅನ್ನೋದು ಒಂದು ಕೆಲಸ

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಸರ್ಕಾರ ಕಾಡಿಗೆಯನ್ನ ಎರಡು ಜಾತಿ ಮಾಡಿತು. ಡಬ್ಬಿ ಕಾಡಿಗೆ ಕುಂಕುಮ, ಬಿಂದಿ, ಸಿಂಧೂರದ ಜೊತೆ ತೆರಿಗೆ ಇಲ್ಲದ ಪಟ್ಟಿಗೆ ಹೋಯಿತು. ಪೆನ್ಸಿಲ್ ಕಾಡಿಗೆಗೆ ಶೇ 18 ತೆರಿಗೆ ಬಿತ್ತು. ಎರಡೂ ಹಚ್ಚೋದು ಕಣ್ಣಿಗೇ, ಎರಡರ ಬಣ್ಣವೂ ಕಪ್ಪೇ. ಆದರೆ ಒಂದು ಸಂಸ್ಕೃತಿ, ಇನ್ನೊಂದು ಶೋಕಿ. ಅದೇ ಹೊತ್ತಿಗೆ ಸ್ಯಾನಿಟರಿ ಪ್ಯಾಡ್ ಮೇಲೆ ಶೇ 12 ತೆರಿಗೆ ಇತ್ತು. ಒಂದು ವರ್ಷ ಜನ ಜಗಳ ಮಾಡಿದ ಮೇಲೆ, 2018ರ ಜುಲೈನಲ್ಲಿ ಅದನ್ನ ತೆಗೆದರು.

ಮೇಕಪ್ಪಿನ ಬಗ್ಗೆ ರಾಜಕೀಯ ಬರೆಯೋ ಸೈಟಲ್ಲಿ ಯಾಕೆ ಅಂತ ಕೇಳುವವರಿಗೆ ಮೊದಲ ಉತ್ತರ ಇದು. ಎರಡನೇ ಉತ್ತರ ವಿಜಯಪುರದ ಯಾವುದೇ ಬಟ್ಟೆ ಅಂಗಡಿ, ಶೋರೂಮ್, ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಸಿಗುತ್ತದೆ. ಟಿಕೋಟಾ, ಬಬಲೇಶ್ವರದ ಕಡೆಯಿಂದ ಬೆಳಿಗ್ಗೆ ಬಸ್ ಹತ್ತಿ ಕೆಲಸಕ್ಕೆ ಬರುವ ಹುಡುಗಿಗೆ ‘ನೀಟಾಗಿ ಬಾ’ ಅಂತ ಹೇಳಿರ್ತಾರೆ. ಏನೂ ಹಚ್ಚದೆ ಹೋದರೆ ‘ಮಾರಿ ಯಾಕ ಬಾಡೇದ, ಆರಾಮಿಲ್ಲೇನು?’ ತುಸು ಹೆಚ್ಚಾದರೆ ‘ಏನವಾ, ಇವತ್ತ ಭಾಳ ಮೇಕಪ್?’ ಈ ಎರಡರ ನಡುವಿನ ಸಣ್ಣ ಗೆರೆಯ ಹೆಸರೇ ‘ನೀಟ್’. ಆ ಗೆರೆ ಎಲ್ಲಿದೆ ಅಂತ ಯಾರೂ ಹೇಳಿಕೊಡೋದಿಲ್ಲ. ಹೆಣ್ಣು ಅಂದ ಮೇಲೆ ಗೊತ್ತೇ ಇರುತ್ತೆ ಅಂದುಕೊಳ್ತಾರೆ.

ಹುಟ್ಟುತ್ತಲೇ ಯಾರಿಗೂ ಇದು ಗೊತ್ತಿರೋದಿಲ್ಲ. ಟೇಲರಿಂಗ್ ಹೇಗೋ ಇದೂ ಹಾಗೆ, ಕಲಿತರೆ ಬರುವ ಕೈಕೆಲಸ. ಇದಕ್ಕೆ ಕಾರಣಗಳಿವೆ, ಹಂತಗಳಿವೆ, ಸಾಮಾನಿಗೆ ಗುಣಮಟ್ಟವಿದೆ. ಒಂದೊಂದಾಗಿ ನೋಡೋಣ.

ಕಾಡಿಗೆ ಯಾಕೆ ಹರಡುತ್ತದೆ?

ಪೆನ್ಸಿಲ್ ಕಾಡಿಗೆ ಅಂದರೆ ಮೇಣ, ಎಣ್ಣೆ ಮತ್ತು ಕಪ್ಪು ಪುಡಿ. ಏಪ್ರಿಲ್‌–ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಸೆಕೆಗೆ ಮೇಣ ಮೆತ್ತಗಾಗುತ್ತದೆ, ರೆಪ್ಪೆಯ ಚರ್ಮದಿಂದ ಎಣ್ಣೆ ಜಿನುಗುತ್ತದೆ, ಮೇಲೆ ಬೆವರು. ‘ವಾಟರ್‌ಪ್ರೂಫ್’ ಅಂತ ಬರೆದಿದ್ದರೂ ಅದು ತಡೆಯೋದು ನೀರನ್ನ, ಎಣ್ಣೆಯನ್ನಲ್ಲ. ಮುಖದ ಎಣ್ಣೆಯೇ ಅದನ್ನ ಕರಗಿಸಿ ಕೆಳಗಿಳಿಸುತ್ತದೆ. ಹಾಗಾಗಿ ಕಾಡಿಗೆ ಹರಡದಂತೆ ನೋಡಿಕೊಳ್ಳೋದು ಅಂದರೆ ಮೊದಲು ಎಣ್ಣೆಯನ್ನ ನಿಭಾಯಿಸೋದು.

ಮುಖ ತೊಳೆದು ಒರೆಸಿ, ಐದು ನಿಮಿಷ ಬಿಡಿ. ಕಣ್ಣಿನ ಕೆಳಗೆ ಮತ್ತು ಮೇಲಿನ ರೆಪ್ಪೆಗೆ ಚಿಟಿಕೆ ಪೌಡರ್ ಬೆರಳ ತುದಿಯಿಂದ ಒತ್ತಿ. ಪೆನ್ಸಿಲ್ ಮೆತ್ತಗಾಗಿದ್ದರೆ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಕೆತ್ತಿ. ಫ್ರಿಜ್ ಇಲ್ಲವಾ? ಮುಚ್ಚಳ ಹಾಕಿ ಒಂದು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಣ್ಣೀರಲ್ಲಿ ಅದ್ದಿಡಿ.

ಈಗ ಕೈ. ಗೆರೆ ಡೊಂಕಾಗೋದು ಬಹುತೇಕ ಕೈಗೆ ಆಸರೆ ಇಲ್ಲದಾಗ. ಮೊಣಕೈಯನ್ನ ಟೇಬಲ್ ಮೇಲಾಗಲಿ, ಮೊಣಕಾಲ ಮೇಲಾಗಲಿ ಊರಿ, ಕಿರುಬೆರಳನ್ನ ಕೆನ್ನೆಗೆ ತಾಗಿಸಿ. ಕನ್ನಡಿ ಗಲ್ಲಕ್ಕಿಂತ ಕೆಳಗಿರಲಿ, ಆಗ ಕಣ್ಣು ಅರ್ಧ ಮುಚ್ಚಿ ರೆಪ್ಪೆ ಪೂರ್ತಿ ಕಾಣುತ್ತದೆ. ಒಂದೇ ಏಟಿಗೆ ಗೆರೆ ಎಳೆಯೋಕೆ ಹೋಗಬೇಡಿ. ರೆಪ್ಪೆಗೂದಲ ಬುಡದಲ್ಲಿ ಹೊರಗಿನ ಮೂಲೆಯಿಂದ ನಡುವಿನ ತನಕ ಸಣ್ಣ ಸಣ್ಣ ಚುಕ್ಕಿ ಇಡಿ, ಆಮೇಲೆ ಒಳಮೂಲೆಯಿಂದ ನಡುವಿಗೆ. ಕೊನೆಗೆ ಚುಕ್ಕಿಗಳನ್ನ ಕೂಡಿಸಿ, ರಂಗೋಲಿ ಹಾಕುವಾಗ ಮಾಡುವ ಹಾಗೆ. ಚರ್ಮ ಎಳೆದು ಹಿಡಿದು ಗೆರೆ ಹಾಕಿದರೆ, ಬಿಟ್ಟ ಕೂಡಲೇ ಗೆರೆ ಸುಕ್ಕಾಗುತ್ತದೆ.

ಹಾಕಿದ ಮೇಲೆ ಕಿವಿಗೆ ಬಳಸುವ ಹತ್ತಿಕಡ್ಡಿಯಿಂದ ಗೆರೆಯ ಹೊರ ಅಂಚನ್ನ ಒಮ್ಮೆ ಮೆತ್ತಗೆ ಉಜ್ಜಿ. ಚೂಪಾದ ಗೆರೆಗಿಂತ ಮಸುಕಾದ ಅಂಚಿನ ಗೆರೆ ಸಂಜೆಯ ತನಕ ಚೆನ್ನಾಗಿ ಕಾಣುತ್ತದೆ, ಯಾಕಂದ್ರೆ ಅದು ಸ್ವಲ್ಪ ಸರಿದರೂ ಗೊತ್ತಾಗೋದಿಲ್ಲ. ತಪ್ಪಾದರೆ ನೀರು ಬೇಡ, ಹತ್ತಿಕಡ್ಡಿಗೆ ಒಂದು ಚೂರು ಕ್ರೀಮ್ ಹಚ್ಚಿ ಅಷ್ಟೇ ಜಾಗ ಒರೆಸಿ.

ಒಂದು ಎಚ್ಚರಿಕೆ. ಕಣ್ಣಿನ ಒಳ ಅಂಚಿಗೆ, ಅಂದರೆ ಕೂದಲಿಗೂ ಗುಡ್ಡೆಗೂ ನಡುವಿನ ಒದ್ದೆ ಜಾಗಕ್ಕೆ ಕಾಡಿಗೆ ತುಂಬೋದು ನಮ್ಮಲ್ಲಿ ರೂಢಿ. ಆ ಅಂಚಿನಲ್ಲೇ ಸಣ್ಣ ಎಣ್ಣೆ ಗ್ರಂಥಿಗಳ ಬಾಯಿಗಳಿವೆ. ಅಲ್ಲಿಂದ ಬರುವ ಎಣ್ಣೆ ಕಣ್ಣೀರು ಬೇಗ ಆರದಂತೆ ಕಾಯುತ್ತದೆ. ದಿನಾ ಮೇಣ ತುಂಬಿದರೆ ಆ ಬಾಯಿ ಮುಚ್ಚಿಕೊಂಡು ಕಣ್ಣು ಉರಿ, ಒಣಗು ಶುರುವಾಗಬಹುದು. ಕೂದಲ ಬುಡದ ಹೊರಗೇ ಹಚ್ಚಿ.

ಕೆನ್ನೆಗೆ: ರೊಟ್ಟಿ ತಟ್ಟುವ ಲೆಕ್ಕ

ಜೋಳದ ರೊಟ್ಟಿ ತಟ್ಟುವಾಗ ಅಂಚು ದಪ್ಪ ಉಳಿದರೆ ರೊಟ್ಟಿ ಕೆಟ್ಟಿತು ಅಂತಲೇ. ಬ್ಲಶ್ ವಿಷಯವೂ ಅಷ್ಟೇ. ಕೆನ್ನೆಯ ನಡುವೆ ಬಣ್ಣ ಎಷ್ಟಿದೆ ಅನ್ನೋದಕ್ಕಿಂತ ಅಂಚು ಕಾಣ್ತಿದೆಯಾ ಅನ್ನೋದು ಮುಖ್ಯ. ಅಂಚು ಕಂಡರೆ ‘ಬಳಿದುಕೊಂಡಿದ್ದಾಳೆ’, ಕಾಣದಿದ್ದರೆ ‘ಮಾರಿ ಕಳೆಯಾಗಿದೆ’.

ಪುಡಿ ಬ್ಲಶ್ ಆದರೆ ಬ್ರಶ್ ಒಮ್ಮೆ ಮುಟ್ಟಿಸಿ, ಕೈ ಮೇಲೆ ಕೊಡವಿ, ಆಮೇಲೆ ಕೆನ್ನೆಗೆ. ಕ್ರೀಮ್ ಆದರೆ ಪೌಡರಿಗೂ ಮೊದಲು, ಬೆರಳಿಂದ ತಟ್ಟಿ. ಪೌಡರ್ ಮೇಲೆ ಕ್ರೀಮ್ ಹಚ್ಚಿದರೆ ಗಂಟು ಗಂಟಾಗುತ್ತದೆ. ಜಾಗಕ್ಕೆ ಎರಡು ಗಡಿ ಸಾಕು: ಕಣ್ಣಗುಡ್ಡೆಯ ನೇರಕ್ಕಿಂತ ಒಳಗೆ, ಮೂಗಿನ ಹತ್ತಿರಕ್ಕೆ ಬರಬಾರದು. ಮೂಗಿನ ತುದಿಗಿಂತ ಕೆಳಗಿಳಿಯಬಾರದು. ಅಲ್ಲಿಂದ ಕಿವಿಯ ಮೇಲ್ಭಾಗದ ಕಡೆಗೆ ತೇಲಿಸಿ. ಕಡಿಮೆ ಅನಿಸಿದಾಗಲೇ ನಿಲ್ಲಿಸಿ, ಹೊರಗಿನ ಬೆಳಕಿಗೆ ಬಂದು ನೋಡಿ. ಟ್ಯೂಬ್‌ಲೈಟಿನ ಬಿಳಿ ಬೆಳಕಲ್ಲಿ ಕೆಂಪು ಮಂಕಾಗಿ ಕಾಣೋದರಿಂದ ನಾವು ಹೆಚ್ಚು ಹಚ್ಚುತ್ತೇವೆ. ಬಿಸಿಲಿಗೆ ಬಂದಾಗ ಅದು ಕೂಗುತ್ತದೆ.

ಇನ್ನು ಬಣ್ಣದ ಆಯ್ಕೆ. ತಿಳಿ ಗುಲಾಬಿ ಬ್ಲಶ್‌ನಲ್ಲಿ ಬಿಳಿ ಪುಡಿ ಹೆಚ್ಚಿರುತ್ತದೆ. ಕಪ್ಪು, ಎಣ್ಣೆಗೆಂಪು ಚರ್ಮದ ಮೇಲೆ ಅದು ಬೂದಿ ಬಳಿದ ಹಾಗೆ ಕೂರುತ್ತದೆ. ಆಗ ಹುಡುಗಿ ತನ್ನ ಬಣ್ಣವೇ ಸರಿ ಇಲ್ಲ ಅಂದುಕೊಳ್ತಾಳೆ. ಸರಿ ಇಲ್ಲದ್ದು ಡಬ್ಬಿ. ಇಟ್ಟಿಗೆ ಕೆಂಪು, ಗಾಢ ಕಿತ್ತಳೆ, ಟಿಕೋಟಾದ ಕಡೆ ಬೆಳೆಯುವ ಕಪ್ಪು ದ್ರಾಕ್ಷಿಯ ಸಿಪ್ಪೆಯಂಥ ನೇರಳೆ – ಇವು ನಮ್ಮ ಚರ್ಮದ ಮೇಲೆ ರಕ್ತದ ಬಣ್ಣದಂತೆ ಕಾಣುತ್ತವೆ. ‘ಫೇರ್’ ಅನ್ನೋ ಪದವನ್ನ ಒಂದು ಪ್ರಸಿದ್ಧ ಕ್ರೀಮು ತನ್ನ ಹೆಸರಿಂದ ಕಿತ್ತುಹಾಕಿದ್ದು 2020ರಲ್ಲಿ. ಹೆಸರು ಹೋಯಿತು. ನಮ್ಮ ಕಡೆಯ ಸಣ್ಣ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಿಗುವ ಬಣ್ಣಗಳು ಮಾತ್ರ ಇನ್ನೂ ಬೆಳ್ಳಗಿನವರಿಗೇ ಮಾಡಿಸಿದಂತಿವೆ.

ಹಳ್ಳಿಯಿಂದ ಬರುವವರಿಗೆ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಟಿಕೆಟ್ ಉಚಿತವಾಗಿದೆ, ಕಿಟಕಿಯಿಂದ ಬರುವ ಧೂಳು ಮೊದಲಿಂದಲೂ ಉಚಿತ! ಮನೆಯಲ್ಲಿ ಪೌಡರ್ ತನಕ ಮುಗಿಸಿ. ಕಾಡಿಗೆ, ಬ್ಲಶ್ ಎರಡನ್ನೂ ಇಳಿದ ಮೇಲೆ, ಮುಖ ಒತ್ತಿ ಒರೆಸಿ ಹಚ್ಚಿ. ಎರಡಕ್ಕೂ ಸೇರಿ ನಾಲ್ಕು ನಿಮಿಷ ಸಾಕು. ರಾತ್ರಿ ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಕಾಡಿಗೆ ತೆಗೆದು, ಮುಖ ತೊಳೆದೇ ಮಲಗಿ.

ಡಬ್ಬಿಯ ಹಿಂಭಾಗ ಓದಿ

ಕೈ ಎಷ್ಟೇ ಪಳಗಿದ್ದರೂ ಸಾಮಾನು ಕೆಟ್ಟದಾಗಿದ್ದರೆ ಪ್ರಯೋಜನವಿಲ್ಲ. ನಮ್ಮ ಮನೆಗಳಲ್ಲಿ ಕಾಡಿಗೆ, ಸುರ್ಮಾ ಎರಡನ್ನೂ ಒಂದೇ ಅಂದುಕೊಳ್ಳೋದುಂಟು. ದೀಪದ ಮಸಿಗೆ ತುಪ್ಪವೋ ಔಡಲ ಎಣ್ಣೆಯೋ ಬೆರೆಸಿದ್ದು ಮನೆಯ ಕಾಡಿಗೆ. ಸಾಂಪ್ರದಾಯಿಕ ಸುರ್ಮಾ ಕಲ್ಲಿನಿಂದ ಅರೆದದ್ದು, ಆ ಕಲ್ಲು ಬಹಳ ಸಲ ಸೀಸದ ಅದಿರು. ಸೀಸಕ್ಕೆ ‘ಇಷ್ಟಾದರೆ ಪರವಾಗಿಲ್ಲ’ ಅನ್ನೋ ಸುರಕ್ಷಿತ ಪ್ರಮಾಣ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಣ್ಣುಜ್ಜಿದ ಕೈ ಬಾಯಿಗೆ ಹೋಗುವ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು, ಅದು ಮೆದುಳಿನ ಬೆಳವಣಿಗೆಗೇ ಪೆಟ್ಟು. ಹಿಂದೂ–ಮುಸ್ಲಿಂ ಅಂತಿಲ್ಲ, ಕೂಸಿಗೆ ಕಣ್ಣುಕಪ್ಪು ಹಚ್ಚುವ ಎಲ್ಲ ಮನೆಯವರಿಗೂ ಈ ಮಾತು ಗೊತ್ತಿರಬೇಕು.

ಭಾರತದ ಸೌಂದರ್ಯವರ್ಧಕ ನಿಯಮಗಳು, 2020 ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಬೆರೆಸೋದನ್ನ ನಿಷೇಧಿಸಿವೆ. ಪಾದರಸಕ್ಕೂ ಕಟ್ಟುನಿಟ್ಟಿನ ಮಿತಿ ಇದೆ. ಆದರೆ ಮಾರುಕಟ್ಟೆಯಲ್ಲಿ ಏನಿದೆ? ಕೇರಳದ ಕೊಟ್ಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಪ್ರಕರಣಗಳನ್ನ ನೋಡಿದರು. ಅದರಲ್ಲಿ ಅಪರೂಪದ ಒಂದು ಮಾದರಿ ಕಂಡ 15 ಜನರ ಪೈಕಿ 13 ಮಂದಿ ಬಿಳುಪಿನ ಕ್ರೀಮು ಬಳಸಿದ್ದರು. ವೈದ್ಯರ ಅನುಮಾನ ಪಾದರಸದ ಮೇಲೆ.

ಕೊಳ್ಳುವಾಗ ನೋಡಬೇಕಾದ್ದು ನಾಲ್ಕು: ತಯಾರಕರ ಹೆಸರು–ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆ ದಿನಾಂಕ. ಹೊರದೇಶದ್ದಾದರೆ ಆಮದು ನೋಂದಣಿ ಸಂಖ್ಯೆ ಇರಬೇಕು. ಇವಿಲ್ಲದ ಡಬ್ಬಿ ಎಷ್ಟೇ ಅಗ್ಗವಾದರೂ ಬೇಡ. ಮತ್ತೆ, ಕಣ್ಣಿನ ಪೆನ್ಸಿಲ್ ಅಕ್ಕ–ತಂಗಿ ನಡುವೆಯೂ ಹಂಚಿಕೊಳ್ಳಬೇಡಿ. ಕಣ್ಣುಬೇನೆ ಹೀಗೇ ಹಬ್ಬುತ್ತದೆ. ಪಾರ್ಲರಿನಲ್ಲಿ ನಿಮ್ಮ ಮುಂದೆಯೇ ಪೆನ್ಸಿಲ್ ಕೆತ್ತಿ ಒರೆಸೋಕೆ ಹೇಳಿ, ನಾಚಿಕೆ ಬೇಡ.

ಬಣ್ಣ ಹಚ್ಚೋದು ಯಾರ ಕೆಲಸ?

ನಮ್ಮ ಕಡೆ ‘ಬಣ್ಣ ಹಚ್ಚಿದ’ ಅಂದರೆ ನಾಟಕದಲ್ಲಿ ಪಾತ್ರ ಮಾಡಿದ ಅಂತ ಅರ್ಥ. ಹೆಣ್ಣಿನ ಪಾತ್ರಕ್ಕೂ ಗಂಡಸೇ ಬಣ್ಣ ಹಚ್ಚುತ್ತಿದ್ದ ಕಾಲವೊಂದಿತ್ತು, ಮರಾಠಿಯ ಬಾಲಗಂಧರ್ವರ ಖ್ಯಾತಿಯೇ ಅದು. ಅವರ ಕಂಪನಿಗೆ ಬಂದು ಹೆಣ್ಣಿನ ಪಾತ್ರ ವಹಿಸಿದ್ದು ಬೀಳಗಿಯ ಗೋಹರಬಾಯಿ ಕರ್ನಾಟಕಿ. ಬೀಳಗಿ ಆಗ ವಿಜಾಪುರ ಜಿಲ್ಲೆಯಲ್ಲಿತ್ತು. ಅವರ ಅಕ್ಕ–ತಂಗಿಯರಲ್ಲೇ ಒಬ್ಬರಾದ ಅಮೀರಬಾಯಿ ಕರ್ನಾಟಕಿ ಹಿಂದಿ ಸಿನಿಮಾದಲ್ಲಿ ಹಾಡಿ, ನಟಿಸಿ ಹೆಸರು ಮಾಡಿದರು. ವಿಜಯಪುರದ ಅಮೀರ್ ಟಾಕೀಸ್ ಅವರದೇ.

ವೇದಿಕೆ ಮೇಲೆ ಹೆಣ್ಣು ಬಂದಳು, ಸರಿ. ಆದರೆ ಮೇಕಪ್ ಪೆಟ್ಟಿಗೆ? ಮುಂಬೈ ಸಿನಿಮಾದ ಮೇಕಪ್ ಕಲಾವಿದರ ಸಂಘ ಹೆಂಗಸರಿಗೆ ಕೇಶವಿನ್ಯಾಸದ ಕಾರ್ಡು ಮಾತ್ರ ಕೊಡುತ್ತಿತ್ತು. ಮೇಕಪ್ ಕಲಾವಿದರ ಕಾರ್ಡು ಗಂಡಸರಿಗಷ್ಟೇ. ಚಾರು ಖುರಾನಾ ಸುಪ್ರೀಂ ಕೋರ್ಟಿಗೆ ಹೋದರು. 2014ರ ನವೆಂಬರ್ 10ರಂದು ನ್ಯಾಯಮೂರ್ತಿ ದೀಪಕ್ ಮಿಶ್ರಾ, ಯು.ಯು. ಲಲಿತ್ ಅವರ ಪೀಠ ಆ ನಿಯಮವನ್ನ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿ ತೆಗೆಸಿತು. ಗಮನಿಸಿ: ಮನೆಯಲ್ಲಿ ಪುಕ್ಕಟೆ ಮಾಡುವಾಗ ಮೇಕಪ್ ‘ಹೆಂಗಸರ ಗೀಳು’. ಕಾರ್ಡು, ಕೂಲಿ ಸಿಗುವ ಜಾಗದಲ್ಲಿ ಅದೇ ಮೇಕಪ್ 2014ರ ತನಕ ಗಂಡಸರ ಕಸುಬು.

ಈಗಿನ ಕತೆಯೂ ನೋಡಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ತರಬೇತಿ, 15,000 ರೂಪಾಯಿ ತನಕ ಉಪಕರಣಕ್ಕೆ ನೆರವು, ಶೇ 5 ಬಡ್ಡಿಗೆ ಒಟ್ಟು 3 ಲಕ್ಷದ ತನಕ ಸಾಲ. ಕ್ಷೌರಿಕರು ಪಟ್ಟಿಯಲ್ಲಿದ್ದಾರೆ, ಇರಲೇಬೇಕು. ಬ್ಯೂಟಿಷಿಯನ್ ಇಲ್ಲ. ಕೌಶಲ ಯೋಜನೆಗಳಲ್ಲಿ, ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿಯಲ್ಲಿ ಬ್ಯೂಟಿ ಪಾರ್ಲರ್ ಕೋರ್ಸುಗಳಿವೆ, ಅಲ್ಲಿ ಕಲಿಯಬಹುದು. ಆದರೆ ಕಲಿಸೋದು ಒಂದು, ಕಸುಬುದಾರಳು ಅಂತ ಒಪ್ಪಿ ಸಾಲ, ಸಾಮಾನು ಕೊಡೋದು ಇನ್ನೊಂದು.

ಮದುವೆ ಸೀಜನ್ನಿನಲ್ಲಿ ಬಬಲೇಶ್ವರದ ಒಂದು ಸಣ್ಣ ಪಾರ್ಲರಿನವಳು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗಿ ಮದುಮಗಳಿಗೆ ಮೇಕಪ್ ಮಾಡಿದರೆ, ಅಲ್ಲಿ ಇಷ್ಟೂ ಲೆಕ್ಕ ಇರುತ್ತದೆ: ಹೋಮದ ಹೊಗೆಗೆ ಕಣ್ಣೀರು ಬಂದರೂ ಇಳಿಯದ ಕಾಡಿಗೆ, ವಿಡಿಯೋ ಲೈಟಿಗೂ ಬಿಸಿಲಿಗೂ ಹೊಂದುವ ಕೆನ್ನೆ, ಚರ್ಮಕ್ಕೆ ಕೇಡಾಗದ ಸಾಮಾನು. ‘ಅರ್ಧ ತಾಸಿನ ಕೆಲಸಕ್ಕ ಇಷ್ಟ್ಯಾಕ ರೊಕ್ಕ?’ ಅಂತ ಕೇಳೋರು ಆ ಅರ್ಧ ತಾಸನ್ನ ಮಾತ್ರ ಎಣಿಸ್ತಾರೆ. ಪಾರ್ಲರ್ ನಡೆಸುವವರೇ ದರಪಟ್ಟಿ ಬರೆದು ಗೋಡೆಗೆ ಹಚ್ಚಲಿ: ಸಮಯ, ಸಾಮಾನು, ಓಡಾಟ ಬೇರೆ ಬೇರೆ ಕಾಲಮ್ಮಿನಲ್ಲಿ. ‘ನೀಟಾಗಿ ಬಾ’ ಅನ್ನುವ ಮಾಲೀಕರು ಅದರ ಖರ್ಚನ್ನ ಸಂಬಳದಲ್ಲಿ ತೋರಿಸಲಿ. ವಿಶ್ವಕರ್ಮದ ಪಟ್ಟಿಗೆ 19ನೇ ಕಸುಬು ಯಾಕಿಲ್ಲ ಅಂತ ನಿಮ್ಮ ಸಂಸದರನ್ನ ಕೇಳಬಹುದು, ಒಂದು ಪತ್ರ ಬರೆಯೋಕೆ ಕಾಡಿಗೆ ಹಚ್ಚುವಷ್ಟೇ ಹೊತ್ತು ಬೇಕು.

ಹಚ್ಚಿಕೊಳ್ಳೋದು, ಬಿಡೋದು ನಿಮ್ಮ ಇಷ್ಟ. ಹಚ್ಚಿಕೊಳ್ಳೋದಾದರೆ ಮೊಣಕೈ ಊರಿ, ಅಂಚು ಕಾಣದಂತೆ ನೋಡಿ, ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ. ಬೇರೆಯವರ ಕೈಯಿಂದ ಹಚ್ಚಿಸಿಕೊಂಡರೆ, ಚೌಕಾಸಿ ಮಾಡದೆ ರೊಕ್ಕ ಕೊಡಿ.